ಬಿಳಿಯೋ ಕೆಂಪೋ

ಬೆಳಗಿನ ನಾಲ್ಕೂಮುಕ್ಕಾಲು. ಕಡ್ಡಿರಾಂಪುರದಲ್ಲಿ ಈ ಹೊತ್ತಿಗೆ ಎದ್ದಿರುವವರು ಮೂರೇ ಬಗೆಯವರು: ಹಾಲು ಕರೆಯುವವರು, ಗದ್ದೆಗೆ ನೀರು ಕಟ್ಟಲು ಹೋಗುವವರು, ನಿವೃತ್ತರಾದ ಮೇಷ್ಟ್ರುಗಳು. ನಾನು ಮೂರನೆಯವನು. ಮನೆ ಮುಂದಿನ ಕಟ್ಟೆಯ ಮೇಲೆ ಶಾಲು ಹೊದ್ದು ಕೂತಿದ್ದೇನೆ. ಬಾಳೆತೋಟದ ಕಡೆಯಿಂದ ತಣ್ಣನೆ ಗಾಳಿ. ಗೊನೆ ಹೇರಿಕೊಂಡ ಒಂದು ಟಾಟಾ ಏಸ್ ಹೊಸಪೇಟೆಯ ಕಡೆ ಹೋಯಿತು. ನಮ್ಮ ಓಣಿಯ ಎದುರಿನ ಹಂಪಿನ ಮೇಲೆ ಅದರ ಮುಂದಿನ ಗಾಲಿ ಹತ್ತಿಳಿದ ಸದ್ದು, ಒಂದು ಗಳಿಗೆ ಬಿಟ್ಟು ಹಿಂದಿನದು. ಆಮೇಲೆ ಮತ್ತೆ ಕಾಲುವೆ ನೀರಿನ ಸದ್ದೊಂದೇ.

ರಸ್ತೆಯ ಉಬ್ಬನ್ನು ನಮ್ಮ ಕಡೆ ಎಲ್ಲರೂ ಹಂಪು ಎನ್ನುತ್ತಾರೆ. ಪಂಪೆಯಿಂದ ಹಂಪೆಯಾದ ಊರಿನ ದಾರಿಗೆ ಅಡ್ಡಲಾಗಿ ಇಂಗ್ಲಿಷಿನಿಂದ ಬಂದ ಹಂಪು ಮಲಗಿದೆ. ಎರಡಕ್ಕೂ ನಂಟಿಲ್ಲ ಎಂದು ಒಬ್ಬ ಪರದೇಶದ ಪ್ರವಾಸಿಗೆ ವಿವರಿಸಲು ಹೋಗಿ ಒಮ್ಮೆ ಸೋತಿದ್ದೇನೆ. ಆ ಮಾತು ಬಿಡಿ, ಈ ಹಂಪನ್ನು ನಿನ್ನೆ ಸಂಜೆ ಶಾಲೆಯ ಮರದ ಸ್ಕೇಲು ಹಿಡಿದು ಅಳೆದೆ. ಓಣಿಯ ಹುಡುಗರು ನೋಡಿ ನಕ್ಕರು. ಅಳೆಯಲು ಕಾರಣ ನನ್ನ ಅಕ್ಕನ ಮಗ.

ಒಂದು ವಾರದಿಂದ ಅವನದು ಒಂದೇ ಪ್ರಶ್ನೆ. ಕಾರು ನೋಡಲೆಂದು ಹೋದವನು ರಾತ್ರಿ ಬೆಂಗಳೂರಿನಿಂದ ಮತ್ತೆ ಫೋನು ಮಾಡಿದ.

“ಮಾಮ, ನಾಳೆ ಅಡ್ವಾನ್ಸ್ ಕೊಡಬೇಕು. ದಿನಾ ಓಡ್ಸಾಕೆ ಯಾವ್ದು ತಗಳ್ಲಿ? ಬಿಳಿದೋ, ಕೆಂಪೋ? ನೀನು ಹೇಳಿದ್ದೇ ಫೈನಲ್.”

ನನ್ನ ಬದುಕಿನಲ್ಲಿ ನಾನು ಕೊಂಡ ಅತಿ ದೊಡ್ಡ ಗಾಡಿ ಟಿವಿಎಸ್ ಮೊಪೆಡ್. ಅದರ ಮೇಲೆ ಗ್ಯಾಸ್ ಸಿಲಿಂಡರು ಬಂದಿದೆ, ಮೇವಿನ ಹೊರೆ ಬಂದಿದೆ, ಹತ್ತನೆಯ ತರಗತಿಯ ಉತ್ತರಪತ್ರಿಕೆಗಳ ಗಂಟು ಬಂದಿದೆ, ಮಳೆಗಾಲದಲ್ಲಿ ಹೆಂಡತಿ ಮಗ ಇಬ್ಬರೂ ಬಂದಿದ್ದಾರೆ. ಅಂಥವನಿಗೆ ಕೋಟಿಗೂ ಮೇಲಿನ ಎರಡು ಕಾರುಗಳ ನಡುವೆ ತೀರ್ಪು ಹೇಳು ಎಂದರೆ? ಆದರೂ ನಮ್ಮ ಮನೆತನದಲ್ಲಿ ಗಾಲಿಯದಾಗಲಿ ಗೊರಸಿನದಾಗಲಿ, ಏನು ತಂದರೂ ಸೋದರಮಾವನನ್ನು ಒಂದು ಮಾತು ಕೇಳುವುದು ರೂಢಿ. ಅವನು ಕೇಳಿದ್ದಾನೆ. ಉತ್ತರ ಹೇಳಬೇಕಾದವನು ನಾನು.

ಬಿಳಿಯದು ಪೋರ್ಷೆ 911. ಕೆಂಪಿನದು ಆಡಿ ಆರ್8. ಎರಡೂ ಜರ್ಮನಿಯವು, ಎರಡೂ ಒಂದು ಕೈ ದಾಟಿ ಬಂದವು. ಕೆಂಪಿನದು ಹೊಸದು ಬೇಕೆಂದರೂ ಇನ್ನು ಸಿಗದು, 2024ರಲ್ಲಿ ಅದರ ತಯಾರಿಕೆಯೇ ನಿಂತಿತು. ಬಿಳಿಯದರ ವಂಶ ಹಳೆಯದು. 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಾಗ ಅದರ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರುಗಳು ತನ್ನವು ಎಂದು ಫ್ರಾನ್ಸಿನ ಪ್ಯೂಜೋ ಕಂಪನಿ ತಕರಾರು ತೆಗೆಯಿತು, ಸೊನ್ನೆ ಹೋಗಿ ಒಂದು ಬಂತು. ಕೆಂಪಿನದಕ್ಕೆ ಹೆಸರು ಬಂದದ್ದು ಲೆ ಮಾನ್ಸ್‌ನ 24 ಗಂಟೆಯ ಓಟವನ್ನು 2000ದಿಂದ 2005ರೊಳಗೆ ಐದು ಸಲ ಗೆದ್ದ ಪಂದ್ಯದ ಕಾರಿನಿಂದ. ಅಳಿಯ ಮೆಚ್ಚಿರುವ ಕೆಂಪಿನಲ್ಲಿ ಹತ್ತು ಸಿಲಿಂಡರಿನ ಎಂಜಿನ್ನು ಕೂತವರ ಬೆನ್ನ ಹಿಂದೆಯೇ ಇದೆ. ಬಿಳಿಯದರಲ್ಲಿ ಆರೇ ಸಿಲಿಂಡರು, ಅದು ಹಿಂದಿನ ಗಾಲಿಗಳನ್ನೂ ದಾಟಿ ಬಾಲದಲ್ಲಿ ಅಂಗಾತ ಮಲಗಿದೆ. ಎಂಜಿನ್ನು ಹಿಂದೆ, ಡಿಕ್ಕಿ ಮುಂದೆ. ಹಿಂದಿನದನ್ನು ಮುಂದು ಮಾಡಿ ಮುಂದಿನದನ್ನು ಹಿಂದು ಮಾಡಿದ ಈ ವಿದ್ಯೆ ಕೇಳಿ ನನ್ನ ಅಕ್ಕ, “ಗಾಡಿ ಕಟ್ಟಿದೋನು ಕುಡಿದಿದ್ನಾ?” ಎಂದಳು.

ಅವನು ಎರಡರ ಚಿತ್ರ, ವಿಡಿಯೊ ಎಲ್ಲ ಕಳಿಸಿದ್ದಾನೆ. ನಾನು ಎಲ್ಲವನ್ನೂ ನೋಡಿದೆ, ಓದಿದೆ, ಟಿಪ್ಪಣಿ ಮಾಡಿಕೊಂಡೆ, ಮೇಷ್ಟ್ರ ಚಟ. ಯಾವುದು ಎಷ್ಟು ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ ಎಂಬುದೇ ಎಲ್ಲೆಲ್ಲೂ. ಆದರೆ ನನ್ನ ನಿದ್ದೆ ಕೆಡಿಸಿದ್ದು ಬಿಳಿಯೂ ಅಲ್ಲ, ಕೆಂಪೂ ಅಲ್ಲ. ಅವನ ಮಾತಿನಲ್ಲಿದ್ದ ಆ ಸಣ್ಣ ಪದ, ‘ದಿನಾ’.

ನಮ್ಮಪ್ಪ ಎತ್ತು ಕೊಳ್ಳುವುದನ್ನು ನೋಡಿದ್ದೇನೆ. ಶಿವರಾತ್ರಿಯ ಸುತ್ತಿನ ಕುರುವತ್ತಿ ಜಾತ್ರೆಯ ದನದ ಸಂತೆಗೆ ನನ್ನನ್ನೂ ಒಂದು ಸಲ ಕರೆದುಕೊಂಡು ಹೋಗಿದ್ದ. ನನ್ನ ಕಣ್ಣು ಕೊಂಬಿನ ಮೇಲೆ, ಹಣೆಯ ಗೆಜ್ಜೆಪಟ್ಟಿಯ ಮೇಲೆ. ಅಪ್ಪ ಬಾಯಿ ಬಿಡಿಸಿ ಹಲ್ಲು ಎಣಿಸಿದ, ಎರಡು ಹಲ್ಲೋ ನಾಲ್ಕೋ ಬಾಯಿಗೂಡಿದ್ದೋ ಎಂದು. ಮೈಮೇಲಿನ ಸುಳಿ ನೋಡಿದ. ಆಮೇಲೆ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಗೊರಸು ನೋಡಿದ. ಮಾರುವವನ ಕೈಯನ್ನು ಟವೆಲಿನ ಕೆಳಗೆ ಹಿಡಿದು ಬೆರಳಲ್ಲೇ ಬೆಲೆ ಮಾತಾಡುವ ಮೊದಲು ಅಪ್ಪ ಕೇಳಿದ್ದು ಒಂದೇ: “ಇದು ಎರೆಹೊಲದಾಗೆ ಬೆಳೆದಿದ್ದು. ನಮ್ಮದು ಕಾಲುವೆ ನೀರಿನ ಗದ್ದೆ. ಕೆಸರಿನಾಗೆ ಕಾಲಿಡ್ತದಾ?”

ಅಂದು ತಂದದ್ದು ಕೊಂಬು ಚೆಂದವಿದ್ದ ಜೋಡಿಯಲ್ಲ. ದಾರಿಯುದ್ದಕ್ಕೂ ನಾನು ಮುಖ ಊದಿಸಿಕೊಂಡಿದ್ದೆ. ಆದರೆ ಆ ಜೋಡಿ ಹನ್ನೊಂದು ವರ್ಷ ನಮ್ಮ ಕಬ್ಬಿನ ಗದ್ದೆ ಉತ್ತವು, ಬಂಡಿ ಎಳೆದವು. ಕಾರಹುಣ್ಣಿಮೆಯ ದಿನ ಅವೇ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗಂಟೆ ಕಟ್ಟಿ, ಬೆನ್ನಿಗೆ ಝೂಲು ಹೊದಿಸಿ, ಸಂಜೆ ಅಗಸಿಯ ಕಡೆ ಕರಿ ಹರಿಯಲು ಓಡಿಸುತ್ತಿದ್ದರು. ಬಿಳಿ ಎತ್ತು ಮೊದಲು ಬಂದರೆ ಹಿಂಗಾರು ಚೆನ್ನ, ಕೆಂದೆತ್ತು ಬಂದರೆ ಮುಂಗಾರು ಚೆನ್ನ ಎಂದು ಹಿರಿಯರು ಮಳೆಬೆಳೆಯ ಲೆಕ್ಕ ಹಾಕುತ್ತಿದ್ದರು. ಬಿಳಿಯೋ ಕೆಂಪೋ ಎಂಬ ಪ್ರಶ್ನೆ ನಮ್ಮ ಕಡೆ ಹೊಸದಲ್ಲ, ನೋಡಿ. ಮರುದಿನ ಬೆಳಿಗ್ಗೆ ಬಣ್ಣದ ಕೊಂಬು ಹಾಗೇ ಇರುತ್ತಿತ್ತು, ಹೆಗಲ ಮೇಲೆ ನೊಗ ಏರಿರುತ್ತಿತ್ತು. ಓಟದ ಎತ್ತು ಬೇರೆ, ಉಳುವ ಎತ್ತು ಬೇರೆ ಎಂಬುದು ನಮ್ಮಂಥ ಮನೆಗಳಲ್ಲಿ ಇರಲಿಲ್ಲ. ಒಂದೇ ಮೈ, ವರ್ಷಕ್ಕೊಂದು ದಿನ ಓಟ, ಉಳಿದ ದಿನ ಕೆಸರು.

ಅಪ್ಪನ ಹಾಗೆ ನಾನೂ ಗೊರಸು ನೋಡಬೇಕಲ್ಲ. ಅದಕ್ಕೇ ಸ್ಕೇಲು ಹಿಡಿದದ್ದು.

ಭಾರತದ ರಸ್ತೆ ಉಬ್ಬಿಗೆ ಒಂದು ಅಳತೆ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಅಂದರೆ ಗಾಡಿ ನಿಧಾನಕ್ಕೆ ತೊಟ್ಟಿಲಿನಂತೆ ಏರಿ ಇಳಿಯಬೇಕು. ನಮ್ಮ ಓಣಿಯ ಎದುರಿನದು ಯಾವ ಕಾಂಗ್ರೆಸ್ಸನ್ನೂ ಕೇಳಿ ಹಾಕಿದ್ದಲ್ಲ. ಶಾಲೆಯ ಮಗುವೊಂದಕ್ಕೆ ಬೈಕು ತಾಗಿದ ಸಂಜೆ ಊರವರೇ ಜಲ್ಲಿ ಸಿಮೆಂಟು ತಂದು ರಾತ್ರೋರಾತ್ರಿ ಕಟ್ಟಿದ್ದು. ಎತ್ತರ 13 ಸೆಂಟಿಮೀಟರ್, ಅಗಲ ಒಂದು ಮೀಟರಿಗೂ ಕಡಿಮೆ. ನನ್ನ ಕೈಯೂ ಅದರಲ್ಲಿ ಇತ್ತು, ಹಾಗಾಗಿ ದೂರುವಂತಿಲ್ಲ.

ಅಳಿಯನ ಎರಡೂ ಕಾರುಗಳ ಹೊಟ್ಟೆ ನೆಲದಿಂದ ಹನ್ನೊಂದು, ಹನ್ನೆರಡು ಸೆಂಟಿಮೀಟರ್ ಮೇಲೆ. ಬಿಳಿಯದರಲ್ಲಿ ಒಂದು ಗುಂಡಿ ಇದೆಯಂತೆ. ಒತ್ತಿದರೆ ಮೂಗು 4 ಸೆಂಟಿಮೀಟರ್ ಮೇಲೇಳುತ್ತದೆ. ಅವನು ನೋಡಿ ಬಂದ ಕೆಂಪಿನಲ್ಲಿ ಅದಿಲ್ಲ. ಹನ್ನೊಂದಕ್ಕೆ ನಾಲ್ಕು ಕೂಡಿಸಿದರೆ ಹದಿನೈದು. ಮೂಗೇನೋ ದಾಟಿತು. ಆದರೆ ಮೂಗು ನಾಲ್ಕು ಎದ್ದರೆ ನಡುಹೊಟ್ಟೆ ಏಳುವುದು ಎರಡೇ. ಹನ್ನೊಂದು ಮತ್ತು ಎರಡು, ಹದಿಮೂರು. ಹಂಪೂ ಹದಿಮೂರು. ರಾತ್ರಿ ಕಾಗದದ ಮೇಲೆ ಈ ಲೆಕ್ಕ ಹಾಕಿ ಪೆನ್ನು ಮುಚ್ಚಿಟ್ಟೆ. ಅದೇ ಪೋರ್ಷೆ ಕಂಪನಿ ಮಣ್ಣಿನ ದಾರಿಗೆಂದೇ ಎತ್ತರದ ಡಕಾರ್ ಎಂಬ 911 ಒಂದನ್ನು ಮಾಡಿತ್ತು, ಹೊಟ್ಟೆ 16 ಸೆಂಟಿಮೀಟರ್ ಮೇಲೆ. ಲೋಕಕ್ಕೆಲ್ಲ ಸೇರಿ 2,500 ಗಾಡಿ ಮಾತ್ರ. ನಮ್ಮ ಓಣಿಯ ಪಾಲಿಗೆ ಅದು ಬಂದಿಲ್ಲ.

ಸುಂಕ, ತೆರಿಗೆಗಳ ಮಾತು ಬೇಡ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆಯೇ ನೂರಕ್ಕೆ ಹದಿನೆಂಟು. ಅದನ್ನು ಕೊಡಬಲ್ಲವನು ಕೊಡುತ್ತಾನೆ.

ಇಷ್ಟು ದೂರದಿಂದ, ಇಷ್ಟು ಖರ್ಚು ಮಾಡಿ, ಹಡಗಿನಲ್ಲಿ ಸವಾರಿ ತರಿಸುವುದು ಈ ನೆಲಕ್ಕೆ ಹೊಸದೂ ಅಲ್ಲ. ನಾನು ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು. ವಿಜಯನಗರಕ್ಕೆ ಕುದುರೆ ಬರುತ್ತಿದ್ದದ್ದು ಪರ್ಷಿಯಾ ಕೊಲ್ಲಿಯ ಹೋರ್ಮುಜ್‌ನಿಂದ, ಏಡನ್ನಿನಿಂದ. ಭಟ್ಕಳ, ಗೋವೆಗಳಲ್ಲಿ ಇಳಿದು, ಘಟ್ಟ ಹತ್ತಿ, ಇಲ್ಲಿಗೆ. ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಾನೆ ಎಂದು ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೋ ನೂನಿಜ್ 1535ರ ಸುಮಾರಿಗೆ ಬರೆದ. ಇನ್ನೊಂದು ಮಾತನ್ನೂ ಬರೆದಿದ್ದಾನೆ, ಮಕ್ಕಳಿಗೆ ಅದನ್ನು ಹೇಳುವಾಗಲೆಲ್ಲ ತರಗತಿ ಸ್ತಬ್ಧವಾಗುತ್ತಿತ್ತು. ಸಾಳುವ ನರಸಿಂಹ ಕುದುರೆಗಳನ್ನು ಸತ್ತದ್ದೋ ಬದುಕಿದ್ದೋ ನೋಡದೆ ಕೊಳ್ಳುತ್ತಿದ್ದ, ಸಮುದ್ರದಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದ ಎಂದು. ಮೂರು ಕುದುರೆಗೆ ಸಾವಿರ ಪರ್ದಾವ್ ನಾಣ್ಯ. ಒಬ್ಬ ಹುಡುಗ ಎದ್ದು ಕೇಳಿದ್ದ, “ಸರ್, ಒಂದೇ ಬಾಲಾನ ಎರಡು ತುಂಡು ಮಾಡಿ ತಂದ್ರೆ?” ಅವನು ಈಗ ಹೊಸಪೇಟೆಯಲ್ಲಿ ಚೆನ್ನಾಗಿ ವ್ಯಾಪಾರ ಮಾಡಿಕೊಂಡಿದ್ದಾನೆ.

ಅಂಥ ಅರಮನೆಯಲ್ಲಿ ಅರಸನ ದಿನದ ಸವಾರಿ ಯಾವುದಿತ್ತು? 1520ರ ಸುಮಾರಿಗೆ ಇಲ್ಲಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಎರಡು ಬಗೆಯ ಕುದುರೆಯ ಮಾತು ಹೇಳುತ್ತಾನೆ. ಮಹಾನವಮಿಯ ಮೆರವಣಿಗೆಯಲ್ಲಿ ಎಲ್ಲಕ್ಕೂ ಮುಂದೆ ಒಂದು ಕುದುರೆ, ಅದರ ಮೇಲೆ ಎರಡು ರಾಜಛತ್ರ, ಉಳಿದೆಲ್ಲವನ್ನೂ ಮೀರಿಸಿದ ಅಲಂಕಾರ. ಅರಸರಾದವರು ಪ್ರಮಾಣ ಸ್ವೀಕರಿಸುವುದು ಆ ಕುದುರೆಯ ಮೇಲೆ. ಅದು ಸತ್ತರೆ ಆ ಜಾಗಕ್ಕೆ ಇನ್ನೊಂದು. ಅದನ್ನು ನಡೆಸಿಕೊಂಡು ಬರುವುದು, ಜನ ನೋಡುವುದು, ಅಷ್ಟೇ ಅದರ ಕೆಲಸ.

ಇನ್ನೊಂದು ಕುದುರೆಗೆ ಛತ್ರವಿಲ್ಲ. ಕೃಷ್ಣದೇವರಾಯ ಬೆಳಕು ಹರಿಯುವ ಮೊದಲೇ ಎದ್ದು, ಎಳ್ಳೆಣ್ಣೆ ಕುಡಿದು, ಅದನ್ನೇ ಮೈಗೆ ಹಚ್ಚಿಕೊಂಡು, ಸೊಂಟಕ್ಕೊಂದು ತುಂಡು ಬಟ್ಟೆ ಸುತ್ತಿ, ಮಣ್ಣಿನ ಭಾರಗಳನ್ನು ಎತ್ತುತ್ತಿದ್ದ. ಹಚ್ಚಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ಬೀಸುತ್ತಿದ್ದ. ಆಮೇಲೆ ಜಟ್ಟಿಯೊಬ್ಬನ ಜೊತೆ ಕುಸ್ತಿ. ಅದಾದ ಮೇಲೆ ಕುದುರೆ ಹತ್ತಿ ಬಯಲಿನಲ್ಲಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ದೌಡಾಯಿಸುತ್ತಿದ್ದ, ಬೆಳಗಾಗುವ ತನಕ. ಎಲ್ಲವೂ ಕತ್ತಲಲ್ಲಿ.

ಈಗ ನಾನು ಕೂತಿರುವುದೂ ಅದೇ ಕತ್ತಲಲ್ಲಿ. ಆ ಬಯಲು ಇಲ್ಲಿಂದ ಹೆಚ್ಚು ದೂರವಿಲ್ಲ. ಊರಾಚೆಯ ಎರಡು ಮುಸ್ಲಿಂ ಸಮಾಧಿಗಳ ಗುಮ್ಮಟಗಳ ಕಡೆ ನೋಡುತ್ತೇನೆ. ಎರಡನೆಯ ದೇವರಾಯ ತನ್ನ ಪಡೆಗೆ ಮುಸ್ಲಿಂ ಸವಾರರನ್ನೂ ಬಿಲ್ಲುಗಾರರನ್ನೂ ಸೇರಿಸಿಕೊಂಡದ್ದು ಇತಿಹಾಸಕಾರ ಫೆರಿಷ್ತಾನ ಬರಹದಲ್ಲಿದೆ. ಆ ಸಮಾಧಿಗಳನ್ನು ಕಂಡಾಗಲೆಲ್ಲ ನನಗೆ ಕುದುರೆಯನ್ನು ದಿನಾ ತಿಕ್ಕಿ ತೊಳೆದು ಹುರುಳಿ ತಿನ್ನಿಸಿದ ಕೈಗಳ ನೆನಪಾಗುತ್ತದೆ. ಕತ್ತಲಲ್ಲಿ ಓಡಿದ ಆ ಕುದುರೆಯ ಬಣ್ಣ ಯಾವುದಿತ್ತೋ. ಕತ್ತಲಲ್ಲಿ ಬಿಳಿಯೇನು, ಕೆಂಪೇನು? ಏರಿದವನಿಗೆ ಗೊತ್ತಾಗುವುದು ಅದರ ಬೆನ್ನು, ಉಸಿರು, ಕಾಲು ತಪ್ಪದ ನಡೆ. ಅದು ಅವನ ದಿನದ ಕುದುರೆ. ಛತ್ರದ್ದು ರಾಜ್ಯದ ಕುದುರೆ.

ಅರಸನಿಗೇ ಎರಡು ಬೇಕಾಯಿತು. ನನ್ನ ಅಳಿಯ ಒಂದೇ ಕಾರಿನಿಂದ ಎರಡೂ ಕೆಲಸ ಮಾಡಿಸಹೊರಟಿದ್ದಾನೆ. ತಪ್ಪೆಂದು ಹೇಳುತ್ತಿಲ್ಲ, ನಮ್ಮಪ್ಪನ ಎತ್ತುಗಳೂ ಅದನ್ನೇ ಮಾಡಿದವು. ಆದರೆ ಅವು ಕೆಸರಿಗೆ ಎಂದು ಬಂದು ಓಟಕ್ಕೆ ಹೋದವು. ಓಟಕ್ಕೆ ಎಂದು ಹುಟ್ಟಿದ್ದು ಕೆಸರಿಗೆ ಇಳಿಯುವುದು ಬೇರೆ ಸಂಗತಿ.

ಇದನ್ನು ನಮ್ಮ ಕಡೆಯವರು ಒಮ್ಮೆ ಕಣ್ಣಾರೆ ಕಂಡಿದ್ದಾರೆ. 2003ರ ಈಚೆಗೆ ಚೀನಾ ಅದಿರು ಕೇಳಿದ್ದು ಕೇಳಿದ್ದೇ. 2008ರ ಬೀಜಿಂಗ್ ಒಲಿಂಪಿಕ್ಸಿಗೆಂದು ಅಲ್ಲಿ ಕಟ್ಟಿದ್ದಕ್ಕೆಲ್ಲ ಸಂಡೂರು, ಹೊಸಪೇಟೆ, ಬಳ್ಳಾರಿಯ ಗುಡ್ಡಗಳು ಹೋದವು ಎಂದು ಚಹಾದಂಗಡಿಯಲ್ಲಿ ಲೆಕ್ಕ ಹೇಳುತ್ತಿದ್ದರು. ಜೋಳದ ಹೊಲಗಳಲ್ಲಿ ಅದಿರು ರಾಶಿ ಬಿತ್ತು. ಹೊಲ ಮಾರಿದವರು, ಸಾಲ ಮಾಡಿದವರು ಲಾರಿ ತಂದರು; ನನ್ನ ಭಾವನೂ ಎರಡು ತಂದ. ರಸ್ತೆಯಲ್ಲಿ ಮೈನ್ಸ್ ಲಾರಿಗಳ ಸಾಲು ನಿಂತರೆ ಗಂಟೆಗಟ್ಟಲೆ. ಮರದ ಎಲೆ ಕೆಂಪು, ಎಮ್ಮೆಯ ಬೆನ್ನು ಕೆಂಪು, ನನ್ನ ಬಿಳಿ ಅಂಗಿಯ ಕಾಲರು ಕೆಂಪು. ಅದೇ ವರ್ಷಗಳಲ್ಲಿ ಹೊಸಪೇಟೆಯ, ಬಳ್ಳಾರಿಯ ರಸ್ತೆಗಳಿಗೆ ಅದುವರೆಗೆ ಸಿನಿಮಾದಲ್ಲಿ ಮಾತ್ರ ಕಂಡ ಕಾರುಗಳು ಬಂದವು. ಹುಡುಗರು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಅವುಗಳ ಲಾಂಛನ ಬರೆದುಕೊಳ್ಳುತ್ತಿದ್ದರು. ಆ ಕಾರುಗಳು ಓಡಿದ್ದು ಕಡಿಮೆ. ಲಾರಿ ಓಡಾಡಿ ಗುಂಡಿ ಬಿದ್ದ ದಾರಿಯಲ್ಲಿ ಮಾಲೀಕರು ಹೋಗುತ್ತಿದ್ದದ್ದು ಎತ್ತರದ ಜೀಪುಗಳಲ್ಲಿ. ತಗ್ಗಿನ ಕಾರು ಪೋರ್ಟಿಕೋದಲ್ಲಿ ಬಟ್ಟೆ ಹೊದ್ದು ನಿಂತಿರುತ್ತಿತ್ತು, ಕೆಂಪು ಧೂಳು ಬೀಳಬಾರದೆಂದು. ಯಾವ ಧೂಳಿನಿಂದ ಬಂತೋ ಅದೇ ಧೂಳು ತಾಗಬಾರದು!

2011ರ ಜುಲೈ ಕೊನೆಯ ವಾರ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಲಾರಿಗಳು ನಿಂತಲ್ಲೇ ನಿಂತವು. ಭಾವನ ಎರಡು ಲಾರಿಗಳ ಟಯರಿನ ಸುತ್ತ ಹುಲ್ಲು ಬೆಳೆದದ್ದನ್ನು ನೋಡುತ್ತ ಈ ಅಳಿಯ ಕಾಲೇಜು ಮುಗಿಸಿದ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಸಣ್ಣ ಗುತ್ತಿಗೆ ಹಿಡಿದು, ಬೆವರು ಸುರಿಸಿ, ಈಗ ಈ ಮಟ್ಟಕ್ಕೆ ಬಂದಿದ್ದಾನೆ. ಹಾಗಾಗಿ ಅವನ ಆಸೆಯನ್ನು ನೋಡಿ ನಗುವುದು ನನ್ನಿಂದಾಗದು. ಒಂದೇ ಒಂದು ಚೇಷ್ಟೆಯ ಮಾತು ಮಾತ್ರ ಬಾಯಿಗೆ ಬರುತ್ತದೆ: ಉಕ್ಕಿನಲ್ಲಿ ದುಡಿದ ಹಣದಿಂದ ಅವನು ಕೊಳ್ಳಹೊರಟ ಆ ಕೆಂಪು ಕಾರಿನ ಮೈಕಟ್ಟು ಬಹುಪಾಲು ಅಲ್ಯೂಮಿನಿಯಂ.

ಅದೇ ಜುಲೈ ಕೊನೆಯಲ್ಲಿ ಇನ್ನೊಂದೂ ನಡೆಯಿತು. ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ, ಹೋಟೆಲು ಮಾಡಿಕೊಂಡಿದ್ದವರನ್ನು ಎಬ್ಬಿಸಿ, ಕಟ್ಟಿಕೊಂಡದ್ದನ್ನು ಯಂತ್ರ ತಂದು ಕೆಡವಿದರು. ಅವರಿಗೆಂದು ಜಾಗ ಗುರುತಾದದ್ದು ನಮ್ಮ ಕಡ್ಡಿರಾಂಪುರದಲ್ಲಿ, ನಾಲ್ಕು ಕಿಲೋಮೀಟರ್ ಈಚೆಗೆ. ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಮಂಟಪದ ಕಂಬಕ್ಕೆ ಇಟ್ಟಿಗೆ ಗೋಡೆ ಕೂಡಿಸಿದ್ದನ್ನು ನೋಡಿ ನಾನೂ ಬೈದುಕೊಂಡವನೇ. ಆದರೂ ಅಂಗಡಿ ಹೋದ ಮೇಲೆ ಮೊದಲ ಸಲ ಆ ಬೀದಿಯಲ್ಲಿ ನಡೆದಾಗ ಒಂದು ಬಗೆಯ ಇರಿಸುಮುರಿಸು. ಬಜಾರು ಎಂಬುದು ದಿನದ ಬಳಕೆಯ ಬೀದಿ. ಅದಕ್ಕೂ ಬಟ್ಟೆ ಹೊದಿಸಿ ಪೋರ್ಟಿಕೋದಲ್ಲಿ ನಿಲ್ಲಿಸಿದ ಹಾಗೆ ಕಂಡಿತು.

ವಿಠಲನ ಗುಡಿಯ ಕಲ್ಲಿನ ತೇರಿನದೂ ಅದೇ ಪಾಡು. ಒಂದು ಕಾಲಕ್ಕೆ ಅದರ ಗಾಲಿಗಳು ತಿರುಗುತ್ತಿದ್ದವು, ನೋಡಬಂದವರೆಲ್ಲ ತಿರುಗಿಸಿಯೇ ಹೋಗುತ್ತಿದ್ದರು. ಸವೆಯುತ್ತದೆಂದು ಸಿಮೆಂಟು ಹಾಕಿ ನಿಲ್ಲಿಸಿದರು. ಈಗ ಸುತ್ತ ತಡೆ. 50 ರೂಪಾಯಿ ನೋಟಿನ ಮೇಲೆ ಆ ತೇರು ಇಡೀ ದೇಶದಲ್ಲಿ ಓಡಾಡುತ್ತದೆ, ಇಲ್ಲಿ ಮಾತ್ರ ಒಂದಂಗುಲ ಕದಲುವುದಿಲ್ಲ. ಮುಂದೆ ನಿಂತಿರುವ ಆನೆಗಳು ಆಮೇಲೆ ತಂದಿಟ್ಟವು. ಅವುಗಳ ಹಿಂದೆ ಬಗ್ಗಿ ನೋಡಿದರೆ ಮೊದಲಿದ್ದ ಕುದುರೆಗಳ ಹಿಂಗಾಲು, ಬಾಲ ಈಗಲೂ ಕಲ್ಲಿನಲ್ಲಿವೆ. ಬಾಲ ಮಾತ್ರ ಉಳಿದ ಕುದುರೆಗಳು. ಸಾಳುವ ನರಸಿಂಹನಿದ್ದಿದ್ದರೆ ಇವಕ್ಕೂ ಹಣ ಎಣಿಸುತ್ತಿದ್ದನೇನೋ.

ಆ ಗುಡಿಗೆ ಹೋಗುವ ದಾರಿಯಲ್ಲಿ ಕುದುರೆಗೊಂಬೆ ಮಂಟಪವಿದೆ. ಕಂಬಗಳಲ್ಲಿ ಮುಂಗಾಲೆತ್ತಿದ ಕುದುರೆಗಳು, ಮೇಲೆ ಸವಾರರು. ಅದರ ಮುಂದೆ ದಿನಾ ಹಾದುಹೋಗುವುದು ಬ್ಯಾಟರಿ ಗಾಡಿಗಳು, ಗೆಜ್ಜಲ ಮಂಟಪದಿಂದ ಗುಡಿಯ ತನಕ. ಓಡಿಸುವವರಲ್ಲಿ ನಮ್ಮ ಸುತ್ತಲಿನ ಊರುಗಳ ಹೆಣ್ಣುಮಕ್ಕಳಿದ್ದಾರೆ. ಅವರಲ್ಲೊಬ್ಬಳು ನನ್ನ ವಿದ್ಯಾರ್ಥಿನಿ. ಎಷ್ಟು ಸ್ಪೀಡು ಹೋಗ್ತದಮ್ಮ ಎಂದು ಒಮ್ಮೆ ಕೇಳಿದೆ. “ಸ್ಪೀಡು ಯಾರಿಗೆ ಬೇಕು ಸರ್, ದಿನಕ್ಕೆ ಎಷ್ಟು ಟ್ರಿಪ್ ಅಂತ ಕೇಳ್ರಿ” ಎಂದಳು. ಅಳಿಯ ಕಳಿಸಿದ ಯಾವ ವಿಡಿಯೊದಲ್ಲೂ ಈ ಮಾತು ಇರಲಿಲ್ಲ.

ಐದೂಕಾಲು. ಮೂಡಣದಲ್ಲಿ ಕೊಂಚ ಬೂದಿ ಬಣ್ಣ. ಎದುರು ಮನೆಯಲ್ಲಿ ಯಾರೋ ಅಂಗಳಕ್ಕೆ ನೀರು ಹಾಕುತ್ತಿದ್ದಾರೆ. ಆಕಾಶವಾಣಿ ಹೊಸಪೇಟೆಯ ಬೆಳಗಿನ ಕಾರ್ಯಕ್ರಮಕ್ಕೆ ಇನ್ನೂ ಹೊತ್ತಿದೆ. ಎರಡು ಕಾರುಗಳನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿದರೆ ಈ ಜನ್ಮದಲ್ಲಿ ತೀರ್ಮಾನವಾಗದು, ಎರಡೂ ಚೆಂದ. ಅವುಗಳನ್ನು ಅಳಿಯನ ಮನೆಯೂ ಇರುವ ನಮ್ಮ ಓಣಿಯಲ್ಲಿ ನಿಲ್ಲಿಸಿ ನೋಡಬೇಕು. ಅವನು ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟರೆ ಅನಂತಶಯನಗುಡಿಯ ಹತ್ತಿರ ಆಟೊ, ಟ್ರಾಕ್ಟರು, ಕಬ್ಬಿನ ಬಂಡಿ. ಹೊಸಪೇಟೆ ದಾಟಿದರೆ ತೋರಣಗಲ್ಲಿನ ತನಕ ಹೆದ್ದಾರಿ, ಅಲ್ಲೂ ಲಾರಿಗಳ ಹಿಂದೆ. ಸಂಜೆ ಅದೇ ದಾರಿ ವಾಪಸು. ಮನೆಯಲ್ಲಿ ಹೆಂಡತಿ, ಆರು ವರ್ಷದ ಮಗಳು, ಮೊಣಕಾಲು ನೋವಿನ ನನ್ನ ಅಕ್ಕ. ಕೆಂಪಿನದರಲ್ಲಿ ಇರುವುದೇ ಎರಡು ಸೀಟು. ಬಿಳಿಯದರಲ್ಲಿ ಹಿಂದೆ ಇನ್ನೆರಡು ಗುಬ್ಬಚ್ಚಿ ಸೀಟುಗಳಿವೆ. ದೊಡ್ಡವರು ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತದೆ, ಮಗಳು ಇನ್ನೊಂದು ನಾಲ್ಕು ವರ್ಷ ಆರಾಮವಾಗಿ ಹಿಡಿಸುತ್ತಾಳೆ.

ಇವನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದಾಗಲೇ ಫೋನು ಬಡಿದುಕೊಂಡಿತು. ಪಾಪ, ಅವನೂ ನಿದ್ದೆ ಮಾಡಿಲ್ಲ.

“ಏನ್ ಮಾಮ, ಎದ್ದೀಯಾ? ಏನ್ ಅನ್ಕಂಡೆ?”

“ಬಿಳಿದು ತಗ” ಎಂದೆ.

ಆ ಕಡೆ ಒಂದು ಗಳಿಗೆ ಮಾತಿಲ್ಲ. ಅವನ ಮನಸ್ಸು ಕೆಂಪಿನ ಕಡೆ ಇತ್ತೆಂದು ನನಗೆ ಮೊದಲೇ ಗೊತ್ತು. ಕೇಳುವವರು ಹೆಚ್ಚಾಗಿ ಬೇರೆಯದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳುತ್ತಾರೆ.

“ಕೆಂಪು ಬಂದ್ರೆ ಊರೇ ತಿರುಗಿ ನೋಡ್ತದೆ ಮಾಮ.”

“ಹೂಂ, ಒಂದು ತಿಂಗ್ಳು ನೋಡ್ತದೆ. ಆಮೇಲೆ ಅದಕ್ಕೆ ಬಟ್ಟೆ ಹೊದಿಸ್ತೀಯ. ಬಿಳಿದರಾಗೆ ನಿನ್ ಮಗ್ಳು ಹಿಂದೆ ಕೂತು ಸ್ಕೂಲಿಗೆ ಹೋಗ್ತಾಳೆ, ಅದನ್ನ ನೀನು ದಿನಾ ಓಡಿಸ್ತೀಯ. ನಿಮ್ಮವ್ವನಿಗೆ ಮಾತ್ರ ಎರಡರಾಗೂ ಜಾಗ ಇಲ್ಲ, ಅವಳಿಗಂತ ಆ ಹಳೇ ಇನ್ನೋವಾ ಇರ್ಲಿ, ಮಾರಬ್ಯಾಡ. ಇನ್ನೊಂದು ಮಾತು. ಗಾಡಿ ಬಂದ ಮೇಲೆ ಮೊದಲ ಹದಿನೈದು ದಿನ ಬೆಳಿಗ್ಗೆ ಐದಕ್ಕೆ ತೆಗೆದು ಓಡಿಸು. ಹೊಸಪೇಟೆ ತನಕ ಹೋಗಿ ಬಾ.”

“ಐದಕ್ಕಾ? ಅಷ್ಟೊತ್ತಿನಾಗೆ ಯಾರ್ ನೋಡ್ತಾರ ಮಾಮ?”

“ನಾನು ಕಟ್ಟೆ ಮೇಲೆ ಕೂತಿರ್ತೀನಲ್ಲ” ಎಂದೆ. “ಆಮೇಲೆ, ನಮ್ಮ ಓಣಿ ಹಂಪು ಹದಿಮೂರು ಸೆಂಟಿಮೀಟ್ರು ಐತೆ. ಗುಂಡಿ ಒತ್ತಿ ಮೂಗು ಎತ್ಕೊಂಡ್ರೂ ಹೊಟ್ಟೆ ತಾಗ್ತದೆ. ನೆಟ್ಟಗೆ ಹತ್ತಿಸಬ್ಯಾಡ. ಒಂದೊಂದೇ ಗಾಲಿ ಏರೋ ಹಂಗೆ ಓರೆಯಾಗಿ, ನಿಧಾನಕ್ಕೆ ದಾಟಿಸು.”